ಹಾಕಿ ನೋಡಬೇಕೆ? ಅರ್ಜಿ ಹಾಕಿ

ಆಗಸ್ಟ್ 29 ಬಂತೆಂದರೆ ಹಾಕಿ ಮಾಂತ್ರಿಕ ಧ್ಯಾನ್‌ಚಂದ್ ಫೋಟೊಗೆ ಹಾರ ಬೀಳುತ್ತದೆ. ಅಂದು ಅವರ ಜನ್ಮದಿನ. ರಾಷ್ಟ್ರೀಯ ಕ್ರೀಡಾ ದಿನ. ವೇದಿಕೆಯ ಮೇಲೊಬ್ಬ ಗಣ್ಯರು ಸ್ಟಿಕ್ ಹಿಡಿದು ನಿಲ್ಲುತ್ತಾರೆ. ಹಿಡಿದ ರೀತಿ ನೋಡಿದರೆ ಕೊಟ್ಟಿಗೆಗೆ ನುಗ್ಗಿದ ಹಾವು ಹೊಡೆಯಲು ಹೊರಟಂತಿರುತ್ತದೆ. ಟಿ.ವಿ.ಯವರು ಮಾತಿನ ಹಿಂದೆ ಕಪ್ಪು ಬಿಳುಪಿನ ಒಂದು ತುಣುಕು ಓಡಿಸುತ್ತಾರೆ. ಕೆಲವೇ ಸೆಕೆಂಡು. ಮುಗಿದ ಮೇಲೆ ಮತ್ತೆ ಅದೇ ತುಣುಕು. ಹೋದ ವರ್ಷವೂ ಅದೇ. ಬರುವ ವರ್ಷವೂ ಅದೇ.

ಆ ತುಣುಕು ನಮ್ಮದಲ್ಲ.

1936ರ ಆಗಸ್ಟ್ 15ರಂದು ಬರ್ಲಿನ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಭಾರತ ಜರ್ಮನಿಯನ್ನು 8-1ರಿಂದ ಸೋಲಿಸಿತು. ಆ ಒಲಿಂಪಿಕ್ಸನ್ನು ಚಿತ್ರೀಕರಿಸಿದ್ದು ಲೆನಿ ರೀಫೆನ್‌ಸ್ಟಾಲ್. ಹಣ ಹಾಕಿದ್ದು ಹಿಟ್ಲರನ ಸರ್ಕಾರ. 1938ರಲ್ಲಿ ‘ಒಲಿಂಪಿಯ’ ಎಂಬ ಸಿನಿಮಾ ಆಗಿ ಅದು ತೆರೆಗೆ ಬಂತು. ಅಂದರೆ ನಮ್ಮ ಮಾಂತ್ರಿಕ ಓಡುವುದನ್ನು ನಾವು ಕಣ್ಣಾರೆ ನೋಡಬೇಕಾದರೆ ನಾಜಿಗಳ ಕ್ಯಾಮೆರಾಕ್ಕೆ ಕೈ ಮುಗಿಯಬೇಕು.

ಆಗ ನಾವು ಪರಾಧೀನರು. ಕ್ಯಾಮೆರಾ ಎಲ್ಲಿಂದ ತರುವುದು? ಒಪ್ಪಿದೆ. ಆಮೇಲಿನದಕ್ಕೆ ಏನು ಹೇಳುತ್ತೀರಿ?

ಆಮೇಲಿನದಕ್ಕೆ ನಮ್ಮ ಹತ್ತಿರ ಕಥೆಗಳಿವೆ. ಧ್ಯಾನ್‌ಚಂದ್ ಸ್ಟಿಕ್ಕಿನಲ್ಲಿ ಆಯಸ್ಕಾಂತ ಇದೆಯೇನೋ ಅಂತ ಮುರಿದು ನೋಡಿದರಂತೆ. ಹಿಟ್ಲರ್ ಕರೆದು ಸೇನೆಯಲ್ಲಿ ದೊಡ್ಡ ಹುದ್ದೆ ಕೊಡುತ್ತೇನೆ ಅಂದನಂತೆ. ಅಂತೆ, ಅಂತೆ, ಅಂತೆ. ಗಟ್ಟಿ ಸಾಕ್ಷಿ ಯಾರೂ ತೋರಿಸುವುದಿಲ್ಲ. ತೋರಿಸಿ ಅಂದವನು ದೇಶದ್ರೋಹಿ. ದಂತಕಥೆಯಿಂದ ಒಂದು ಅನುಕೂಲವಿದೆ. ಅದಕ್ಕೆ ತಂಪು ಕೋಣೆ ಬೇಡ. ಗುಮಾಸ್ತ ಬೇಡ. ಬಜೆಟ್ ಬೇಡ. ಇಲಿ ತಿನ್ನುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ, ವರ್ಷ ವರ್ಷಕ್ಕೂ ಬೆಳೆಯುತ್ತದೆ. ಫಿಲ್ಮಿನ ಕಥೆ ಹಾಗಲ್ಲ. ಅದನ್ನು ಸಾಕಬೇಕು. ಸಾಕುವುದು ನಮ್ಮ ಜಾಯಮಾನಕ್ಕೆ ಒಗ್ಗಿದ್ದಲ್ಲ.

1948ಕ್ಕೆ ಬನ್ನಿ. ಸ್ವಾತಂತ್ರ್ಯ ಬಂದು ವರ್ಷ ತುಂಬಲು ಇನ್ನು ಮೂರು ದಿನ. ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಒಲಿಂಪಿಕ್ಸ್ ಫೈನಲ್‌ನಲ್ಲಿ ಭಾರತ ಬ್ರಿಟನ್ನನ್ನು 4-0 ಹೊಡೆಯಿತು. ಆಳಿದವರನ್ನು ಅವರ ಮನೆಯಲ್ಲೇ ಸೋಲಿಸಿದ ಆಟ. ಆ ಕ್ರೀಡಾಕೂಟವನ್ನು ಚಿತ್ರೀಕರಿಸುವ ಹಕ್ಕು ಇದ್ದದ್ದು ಬ್ರಿಟನ್ನಿನ ರ‍್ಯಾಂಕ್ ಸಂಸ್ಥೆಗೆ. ಸೋತವರು ತಮ್ಮ ಸೋಲಿನ ಕಾಲದ ರೀಲುಗಳನ್ನೂ ಜೋಪಾನ ಮಾಡಿದರು. ಬ್ರಿಟಿಷ್ ಪಾಥೆ ಎಂಬ ಹಳೆಯ ನ್ಯೂಸ್‌ರೀಲ್ ಕಂಪನಿ 2014ರಲ್ಲಿ ತನ್ನ 85,000 ಚಿತ್ರಗಳನ್ನು ಯೂಟ್ಯೂಬಿಗೇ ಸುರಿದುಬಿಟ್ಟಿತು. ಯಾರು ಬೇಕಾದರೂ ನೋಡಿ ಅಂತ. ಗೆದ್ದ ನಾವು? ನಮಗೆ ಗೆದ್ದದ್ದು ನೆನಪಿದೆ. ಅಷ್ಟು ಸಾಕು ಅಂದುಕೊಂಡೆವು.

ಆ ಫೈನಲ್‌ನಲ್ಲಿ ಎರಡು ಗೋಲು ಹೊಡೆದವರು ಬಲ್ಬೀರ್ ಸಿಂಗ್. 1952ರ ಹೆಲ್ಸಿಂಕಿ ಫೈನಲ್‌ನಲ್ಲಿ ಆರರಲ್ಲಿ ಐದು ಅವರದೇ. 1956ರ ಮೆಲ್ಬರ್ನ್‌ನಲ್ಲಿ ನಾಯಕ. ಮೂರು ಚಿನ್ನ. ಇಂಥ ಮನುಷ್ಯ 1985ರಲ್ಲಿ ಒಂದು ಕೆಲಸ ಮಾಡಿದರು. ಮ್ಯೂಸಿಯಂ ಮಾಡುತ್ತೇವೆ ಅಂದ ಭಾರತೀಯ ಕ್ರೀಡಾ ಪ್ರಾಧಿಕಾರದ ಮಾತು ನಂಬಿ ತಮ್ಮ 36 ಪದಕಗಳನ್ನು, ಮೆಲ್ಬರ್ನ್‌ನಲ್ಲಿ ತೊಟ್ಟ ನಾಯಕನ ಕೋಟನ್ನು, ನೂರಕ್ಕೂ ಹೆಚ್ಚು ಫೋಟೊಗಳನ್ನು ಕೊಟ್ಟುಬಿಟ್ಟರು.

ಮ್ಯೂಸಿಯಂ ಆಗಲಿಲ್ಲ. ಸಾಮಾನೂ ಉಳಿಯಲಿಲ್ಲ.

ಕಳೆದುಹೋಗಿದೆ ಅಂತ ಗೊತ್ತಾದದ್ದು 2012ರಲ್ಲಿ. ಅಲ್ಲಿಯವರೆಗೆ ಕಳೆದಿದೆ ಎನ್ನುವುದೇ ಯಾರಿಗೂ ಗೊತ್ತಿರಲಿಲ್ಲ. ಕಪಾಟು ತೆಗೆದು ನೋಡುವ ಅಗತ್ಯ ಯಾರಿಗಿತ್ತು? ಆಮೇಲೆ ಪತ್ರ ಓಡಾಡಿದವು. ವಿಚಾರಣೆ ಅಂದರು. ಪರಿಶೀಲಿಸುತ್ತೇವೆ ಅಂದರು. 2020ರ ಮೇ ತಿಂಗಳಲ್ಲಿ ಬಲ್ಬೀರ್ ತೀರಿಕೊಂಡರು. ಪದಕ ಸಿಗಲಿಲ್ಲ. ಸಂತಾಪ ಸೂಚಕ ಟ್ವೀಟುಗಳು ಮಾತ್ರ ನಿಮಿಷಕ್ಕೊಂದರಂತೆ ಬಂದವು. ಲೋಹದ ಪದಕವನ್ನೇ ಇಟ್ಟುಕೊಳ್ಳಲಾರದ ವ್ಯವಸ್ಥೆ, ಬಿಸಿಲು ತಾಗಿದರೆ ಬಾಡುವ ಫಿಲ್ಮನ್ನು ಇಟ್ಟುಕೊಳ್ಳುತ್ತದೆ ಅಂತ ನಂಬುವವರು ದೊಡ್ಡ ಮನಸ್ಸಿನವರು. ನಾನಲ್ಲ.

ಇನ್ನು 1975. ಮಾರ್ಚ್ 15, ಕ್ವಾಲಾಲಂಪುರ. ವಿಶ್ವಕಪ್ ಫೈನಲ್. ಎದುರಾಳಿ ಪಾಕಿಸ್ತಾನ. ಭಾರತ 2-1ರಿಂದ ಗೆದ್ದಿತು. ಪುರುಷರ ಹಾಕಿಯಲ್ಲಿ ನಾವು ಗೆದ್ದ ಒಂದೇ ಒಂದು ವಿಶ್ವಕಪ್ ಅದು. ಗೆಲುವಿನ ಗೋಲು ಧ್ಯಾನ್‌ಚಂದ್ ಮಗ ಅಶೋಕ್ ಕುಮಾರ್ ಅವರದು. ಚೆಂಡು ಕಂಬದ ಒಳಮೂಲೆಗೆ ಬಡಿದು ಹೊರಕ್ಕೆ ಚಿಮ್ಮಿತು. ಅಂಪೈರ್ ಗೋಲು ಅಂದರು. ಪಾಕಿಸ್ತಾನದವರು ಅಲ್ಲವೇ ಅಲ್ಲ ಅಂದರು. ಐವತ್ತು ವರ್ಷವಾದರೂ ಆ ಜಗಳ ಮುಗಿದಿಲ್ಲ.

ಇಂಥ ಗೋಲಿಗೆ ಬೇಕಾದದ್ದು ಏನು? ಚಿತ್ರ. ಹಿಂದೆ ಮುಂದೆ ಓಡಿಸಿ, ನಿಲ್ಲಿಸಿ, ತೋರಿಸಬಲ್ಲ ಚಿತ್ರ. ನಮ್ಮ ಮನೆಗಳಿಗೆ ಬಂದದ್ದು ರೇಡಿಯೊದಲ್ಲಿ ಜಸ್‌ದೇವ್ ಸಿಂಗ್ ಅವರ ದನಿ. ದನಿ ಅದ್ಭುತವಾಗಿತ್ತು, ಅನುಮಾನವಿಲ್ಲ. ಆದರೆ ದನಿಗೆ ಕಂಬ ಕಾಣುವುದಿಲ್ಲ. ಆ ತಂಡದಲ್ಲಿ ನಮ್ಮ ಕೊಡಗಿನ ಬಿ.ಪಿ. ಗೋವಿಂದ ಇದ್ದರು. ಅವರು ಹೇಗೆ ಓಡುತ್ತಿದ್ದರು ಅಂತ ಇಂದಿನ ಒಬ್ಬ ಹುಡುಗ ಕೇಳಿದರೆ ನಾವು ತೋರಿಸುವುದು ತಂಡದವರೆಲ್ಲ ಸಾಲಾಗಿ ನಿಂತ ಫೋಟೊ. ನಿಂತ ಫೋಟೊದಲ್ಲಿ ಓಟ ಹುಡುಕಬೇಕು.

ಈ ಬರಹಕ್ಕಾಗಿ ಒಂದು ಕಚೇರಿಗೆ ಫೋನ್ ಮಾಡಿದೆ. ಯಾವುದು ಅಂತ ಹೇಳುವುದಿಲ್ಲ. ಹೇಳಿದರೆ ಉಳಿದ ಕಚೇರಿಗಳಿಗೆ ಅನ್ಯಾಯ.

“ಹಳೇ ಹಾಕಿ ಮ್ಯಾಚಿನ ಟೇಪು ಏನಾದರೂ ಇದೆಯಾ? 1975ರದ್ದು?”

“ಎಪ್ಪತ್ತೈದಾ? ನಾನಿನ್ನೂ ಹುಟ್ಟೇ ಇರಲಿಲ್ಲ ಸಾರ್.”

“ನಿಮ್ಮ ಜಾತಕ ಕೇಳಲಿಲ್ಲಪ್ಪ. ಟೇಪು ಇದೆಯಾ?”

“ಒಂದು ಲೆಟರ್ ಕೊಡಿ ಸಾರ್. ಸಾಹೇಬರಿಗೆ ಪುಟ್ ಅಪ್ ಮಾಡ್ತೀವಿ.”

“ಸಾಹೇಬರು ಇದ್ದಾರಾ?”

“ಇಲ್ಲ ಸಾರ್, ಟ್ರಾನ್ಸ್‌ಫರ್ ಆಗಿದೆ. ಹೊಸಬರು ಇನ್ನೂ ಬಂದಿಲ್ಲ.”

ಮನುಷ್ಯ ಒಳ್ಳೆಯವನು. ಸುಳ್ಳು ಹೇಳಲಿಲ್ಲ.

ಈಗ ಇನ್ನೊಂದು ಹಾಕಿಯ ವಿಷಯ. ಮಂಜುಗಡ್ಡೆಯ ಮೇಲೆ ಆಡುವುದು. ನಮ್ಮ 1975ಕ್ಕಿಂತ ಮೂರು ವರ್ಷ ಮೊದಲು, 1972ರ ಸೆಪ್ಟೆಂಬರ್‌ನಲ್ಲಿ ಕೆನಡಾ ಮತ್ತು ಸೋವಿಯತ್ ಒಕ್ಕೂಟದ ನಡುವೆ ಎಂಟು ಪಂದ್ಯಗಳ ಐಸ್ ಹಾಕಿ ಸರಣಿ ನಡೆಯಿತು. ಮಾಂಟ್ರಿಯಲ್‌ನ ಮೊದಲ ಪಂದ್ಯದಲ್ಲೇ ಕೆನಡಾದವರು 7-3ರಿಂದ ಸೋತು ಮುಖ ಕೆಡಿಸಿಕೊಂಡರು. ಕೊನೆಯ ಪಂದ್ಯ ಸೆಪ್ಟೆಂಬರ್ 28ಕ್ಕೆ ಮಾಸ್ಕೋದಲ್ಲಿ. ಕೆನಡಾದ ಶಾಲೆಗಳಲ್ಲಿ ಪಾಠ ನಿಲ್ಲಿಸಿ ಟಿ.ವಿ. ಇಟ್ಟರು. ಆಟ ಮುಗಿಯಲು 34 ಸೆಕೆಂಡು ಇರುವಾಗ ಪಾಲ್ ಹೆಂಡರ್ಸನ್ ಗೋಲು ಹೊಡೆದ. 6-5.

ಆ ಗೋಲು ಇವತ್ತಿಗೂ ಇದೆ. ಫಾಸ್ಟರ್ ಹೆವಿಟ್‌ನ ವೀಕ್ಷಕ ವಿವರಣೆಯ ಸಮೇತ ಇದೆ. ಮೊದಲ ಸಲ ಹೊಡೆದದ್ದು ಗೋಲ್‌ಕೀಪರ್‌ಗೆ ತಾಗಿ ವಾಪಸು ಬಂತೋ, ಗೋಲ್‌ಕೀಪರ್ ಎಲ್ಲಿ ಬಿದ್ದಿದ್ದ, ಹೆಂಡರ್ಸನ್ ಯಾರ ತೋಳಿಗೆ ಹಾರಿದ, ಎಲ್ಲ ಕಾಣುತ್ತದೆ. 1972ರಲ್ಲಿ ಹುಟ್ಟಿರದವರೂ ಅದರ ಬಗ್ಗೆ ಜಗಳ ಆಡಬಹುದು, ಕಣ್ಣಿಂದ ನೋಡಿಯೇ ಜಗಳ ಆಡಬಹುದು.

ಇಷ್ಟಕ್ಕೇ ಕೆನಡಾದವರನ್ನು ಹೊತ್ತು ಮೆರೆಸಬೇಕಿಲ್ಲ. ಅವರೂ ಕಳೆದುಕೊಂಡಿದ್ದಾರೆ, ಬೇಕಾದಷ್ಟು. ಅಲ್ಲಿ ಟಿ.ವಿ.ಯಲ್ಲಿ ‘ಹಾಕಿ ನೈಟ್’ ಕಾರ್ಯಕ್ರಮ ಶುರುವಾದದ್ದು 1952ರ ಅಕ್ಟೋಬರ್‌ನಲ್ಲಿ. ಆಗ ವಿಡಿಯೊ ಟೇಪೇ ಇರಲಿಲ್ಲ. ಉಳಿಸಬೇಕಾದರೆ ಟಿ.ವಿ. ಪರದೆಯ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು ಪರದೆಯನ್ನೇ ಚಿತ್ರೀಕರಿಸಬೇಕಿತ್ತು. ಕಿನಿಸ್ಕೋಪ್ ಅನ್ನುತ್ತಿದ್ದರು. ಮಸುಕು ಮಸುಕಾದ ಚಿತ್ರ. ಆ ಮಸುಕೂ ಎಲ್ಲ ಆಟಗಳದ್ದು ಉಳಿದಿಲ್ಲ. ಅದಕ್ಕೂ ಹಿಂದಿನದು ಇನ್ನೂ ಕಷ್ಟ. 1951ರಲ್ಲಿ ಗೋಲು ಹೊಡೆದು ಟೊರಾಂಟೊಗೆ ಐಸ್ ಹಾಕಿಯ ಸ್ಟ್ಯಾನ್ಲಿ ಕಪ್ ಗೆದ್ದುಕೊಟ್ಟ ಬಿಲ್ ಬರಿಲ್ಕೊ ಅದೇ ಆಗಸ್ಟ್‌ನಲ್ಲಿ ವಿಮಾನ ಅಪಘಾತದಲ್ಲಿ ಸತ್ತ. ಅವನ ದೇಹ ಸಿಕ್ಕಿದ್ದು 1962ರಲ್ಲಿ. ಆ ಗೋಲನ್ನು ಜನ ನೆನೆಯುವುದು ಒಂದು ಫೋಟೊದಿಂದ, ಒಂದು ರೇಡಿಯೊ ದನಿಯಿಂದ.

ಅಮೆರಿಕದವರಂತೂ ತಮ್ಮ ಫುಟ್‌ಬಾಲಿನ ದೊಡ್ಡ ಫೈನಲ್, 1967ರ ಮೊದಲ ಸೂಪರ್ ಬೌಲ್‌ನ ಟೇಪನ್ನು ಅಳಿಸಿಹಾಕಿದರು. ಎರಡು ಚಾನೆಲ್ ಪ್ರಸಾರ ಮಾಡಿದ್ದವು. ಎರಡೂ ಅಳಿಸಿದವು. ವರ್ಷಗಳ ಮೇಲೆ ಒಂದು ಮನೆಯ ಅಟ್ಟದಲ್ಲಿ ಅದರ ರೆಕಾರ್ಡಿಂಗ್ ಸಿಕ್ಕಿತು. ಫುಟ್‌ಬಾಲ್ ಲೀಗಿನವರು ಓಡೋಡಿ ಬಂದು ಕಾಲಿಗೆ ಬಿದ್ದರೆಂದುಕೊಂಡಿರಾ? ಕೊಳ್ಳುವುದಿಲ್ಲ ಅಂದರು. ಬೇರೆ ಯಾರಿಗಾದರೂ ಮಾರಿದರೆ ಜೋಕೆ ಅಂತ ವಕೀಲರ ಪತ್ರ ಕಳಿಸಿದರು. ಕಳೆದವನು ಮಾಲೀಕ, ಕಾದವನು ಕಳ್ಳ.

ಹಾಗಾಗಿ ಅಳಿಸುವ ರೋಗ ಭಾರತದ್ದಷ್ಟೇ ಅಲ್ಲ. ಆದರೆ ವ್ಯತ್ಯಾಸವಿದೆ. ಬಿ.ಬಿ.ಸಿ. ತನ್ನ ‘ಡಾಕ್ಟರ್ ಹೂ’ ಧಾರಾವಾಹಿಯ ಕಂತುಗಳನ್ನು ಅಳಿಸಿತ್ತು. ಆಮೇಲೆ ನಾಚಿಕೆಯಾಯಿತು. ನಮ್ಮ ಹತ್ತಿರ ಇಲ್ಲ, ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಕೊಡಿ ಅಂತ ಲೋಕಕ್ಕೇ ಕೇಳಿಕೊಂಡಿತು. 2013ರಲ್ಲಿ ನೈಜೀರಿಯದಲ್ಲಿ ಒಂಬತ್ತು ಕಂತು ಸಿಕ್ಕಿದ ಸುದ್ದಿ ಬಂತು. ನಾಚಿಕೆಗೆ ಇಂಥ ಉಪಯೋಗಗಳಿವೆ.

ನಮ್ಮ ದೂರದರ್ಶನದಲ್ಲಿ ಟೇಪು ಅಂದರೆ ಆಮದಿನ ಮಾಲು, ದುಬಾರಿ. ಪ್ರಸಾರ ಮುಗಿದ ಮೇಲೆ ಅಳಿಸಿ ಅದರ ಮೇಲೇ ಇನ್ನೊಂದು ಕಾರ್ಯಕ್ರಮ ತುಂಬುವುದು ರೂಢಿ. ಮಿತವ್ಯಯ ಅಂತ ಹೆಸರು. ಈ ಮಿತವ್ಯಯದ ಮೇಧಾವಿಗಳು ಯಾವುದರ ಮೇಲೆ ಯಾವುದನ್ನು ತುಂಬಿದರು ಅಂತ ಪಟ್ಟಿ ಇಟ್ಟಿದ್ದರೆ ಅದೊಂದೇ ಈ ದೇಶದ ನಿಜವಾದ ಸಾಂಸ್ಕೃತಿಕ ಇತಿಹಾಸ ಆಗುತ್ತಿತ್ತು. ಸಿತಾರ್ ಮೇಲೆ ಉದ್ಘಾಟನೆ. ಸೆಮಿಫೈನಲ್ ಮೇಲೆ ಗೊಬ್ಬರದ ಸಲಹೆ.

ಟೇಪು ಉಳಿದಿದ್ದರೂ ಸುಖವಿಲ್ಲ, ಬಿಡಿ. ಹಳೆಯ ಟೇಪಿನ ಅಂಟು ತೇವ ಕುಡಿದು ಜಿಗುಟಾಗುತ್ತದೆ. ಯಂತ್ರಕ್ಕೆ ಹಾಕಿದರೆ ಪದರವೇ ಕಿತ್ತು ಬರುತ್ತದೆ. ಬಲ್ಲವರು ಅಂಥ ಟೇಪನ್ನು ಐವತ್ತು ಡಿಗ್ರಿ ಆಸುಪಾಸಿನ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸಿ ಒಣಗಿಸುತ್ತಾರೆ. ಆಮೇಲೆ ಸ್ವಲ್ಪ ಕಾಲ ಓಡುತ್ತದೆ. ಅಷ್ಟರೊಳಗೆ ನಕಲು ಮಾಡಿಕೊಳ್ಳಬೇಕು. ಅಸಿಟೇಟ್ ಫಿಲ್ಮು ಕೆಡಲು ಶುರುವಾದರೆ ವಿನೆಗರ್‌ನಂತೆ ಹುಳಿ ನಾತ ಬರುತ್ತದೆ. ಒಂದು ಡಬ್ಬಿಗೆ ಬಂದದ್ದು ಪಕ್ಕದ ಡಬ್ಬಿಗೂ ಹರಡುತ್ತದೆ. ಓಡಿಸುವ ಹಳೆಯ ಯಂತ್ರಗಳನ್ನು ಈಗ ಯಾರೂ ತಯಾರಿಸುವುದಿಲ್ಲ. ರಿಪೇರಿ ಬಲ್ಲವರು ನಿವೃತ್ತರಾಗಿದ್ದಾರೆ. ಅಂದರೆ ಇದು ನಾಳೆ ನೋಡೋಣ ಅನ್ನುವ ಕೆಲಸವಲ್ಲ. ನಮ್ಮ ಸರ್ಕಾರಿ ಕೆಲಸಕ್ಕೆ ನಾಳೆ ಬಿಟ್ಟರೆ ಬೇರೆ ದಿನವೇ ಇಲ್ಲ.

ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ. 2003ರ ಜನವರಿಯಲ್ಲಿ ಬೆಂಕಿ ಬಿದ್ದು ಹಳೆಯ ನೈಟ್ರೇಟ್ ಫಿಲ್ಮುಗಳು ಬೂದಿಯಾದವು. ಬೆಂಕಿ ತಿಂದದ್ದು ಒಂದು ಪಾಲು. ಉಳಿದದ್ದರ ಲೆಕ್ಕವನ್ನು ಸಿ.ಎ.ಜಿ.ಯವರು ನೋಡಿದಾಗ 31 ಸಾವಿರಕ್ಕೂ ಹೆಚ್ಚು ರೀಲು ಕಳೆದಿವೆ ಇಲ್ಲವೇ ಹಾಳಾಗಿವೆ ಎನ್ನುವ ವರದಿ 2017ರಲ್ಲಿ ಹೊರಗೆ ಬಂತು. ಬೇರೆ ದೇಶದಲ್ಲಾಗಿದ್ದರೆ ಒಬ್ಬರಾದರೂ ಮನೆಗೆ ಹೋಗುತ್ತಿದ್ದರು. ನಾವು 2022ರಲ್ಲಿ ಈ ಸಂಗ್ರಹಾಲಯವೂ ಸೇರಿ ನಾಲ್ಕು ಸಂಸ್ಥೆಗಳನ್ನು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ ಎನ್.ಎಫ್.ಡಿ.ಸಿ.ಯೊಳಗೆ ತಂದು ಸೇರಿಸಿದೆವು. ಫಿಲ್ಮ್ಸ್ ಡಿವಿಷನ್ನೂ ಅದರೊಳಗೆ ಹೋಯಿತು. ಸಿನಿಮಾ ಶುರುವಾಗುವ ಮೊದಲು ಥಿಯೇಟರಿನಲ್ಲಿ ಕಡ್ಡಾಯವಾಗಿ ತೋರಿಸುತ್ತಿದ್ದ ಸಮಾಚಾರ ಚಿತ್ರ ನೆನಪಿದೆಯಲ್ಲ? ಅದನ್ನು ತೆಗೆಯುತ್ತಿದ್ದವರು ಇವರೇ. ಪ್ರವಾಹ, ಅಣೆಕಟ್ಟು, ಕತ್ತರಿ ಹಿಡಿದ ಮಂತ್ರಿ. ರಿಬ್ಬನ್ ಕತ್ತರಿಸುವುದನ್ನು ಪೂರ್ತಿ ತೋರಿಸುತ್ತಿದ್ದರು. ಹಾಕಿ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು.

ಆದರೂ ನಾವು ಏನನ್ನೂ ಉಳಿಸಲಿಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. ಎರಡನ್ನು ಉಳಿಸಿದ್ದೇವೆ.

ಒಂದು, 1982ರ ಏಷ್ಯನ್ ಗೇಮ್ಸ್ ಫೈನಲ್. ಆ ವರ್ಷ ದೇಶಕ್ಕೆ ಕಲರ್ ಟಿ.ವಿ. ಬಂದಿತ್ತು. ಡಿಸೆಂಬರ್ 1, ದೆಹಲಿ, ನಮ್ಮದೇ ಮೈದಾನ. ಪಾಕಿಸ್ತಾನ 7, ಭಾರತ 1. ಎಂಟು ಒಲಿಂಪಿಕ್ ಚಿನ್ನ ನಮ್ಮ ಪಾಲಿಗೆ ಕಪ್ಪು ಬಿಳುಪಿನಲ್ಲಿ ಕಳೆದುಹೋದವು. ಅವಮಾನ ಮಾತ್ರ ಬಣ್ಣದಲ್ಲಿ ಬಂತು. ಪಾಪ, ಗೋಲ್‌ಕೀಪರ್ ಮೀರ್ ರಂಜನ್ ನೇಗಿ ಆ ಏಳು ಗೋಲನ್ನು ವರ್ಷಗಟ್ಟಲೆ ಹೊತ್ತು ತಿರುಗಬೇಕಾಯಿತು.

ಇನ್ನೊಂದು, 2008ರದ್ದು. ಆ ವರ್ಷ ಭಾರತ ಬೀಜಿಂಗ್ ಒಲಿಂಪಿಕ್ಸಿಗೆ ಅರ್ಹತೆಯನ್ನೇ ಪಡೆಯಲಿಲ್ಲ. 1928ರಿಂದ ಆಡುತ್ತಿದ್ದವರಿಗೆ ಮೊದಲ ಸಲ ಬಾಗಿಲು ಮುಚ್ಚಿತು. ಕೆಲವೇ ವಾರಗಳಲ್ಲಿ ಒಂದು ಚಾನೆಲ್ಲಿನ ಗುಪ್ತ ಕ್ಯಾಮೆರಾ, ತಂಡಕ್ಕೆ ಆಟಗಾರನನ್ನು ಸೇರಿಸಲು ಹಾಕಿ ಫೆಡರೇಷನ್ ಕಾರ್ಯದರ್ಶಿ ಹಣ ಪಡೆಯುತ್ತಿರುವಂತೆ ತೋರಿಸಿತು. ಅವರು ರಾಜೀನಾಮೆ ಕೊಟ್ಟರು. ಫೆಡರೇಷನ್ನೇ ಅಮಾನತಾಯಿತು. ಗೋಲಿನ ಮುಂದೆ ಕ್ಯಾಮೆರಾ ಇಡದ ದೇಶದಲ್ಲಿ ಹಾಕಿಯ ಸ್ಪಷ್ಟ ದಾಖಲೆ ಸಿಕ್ಕಿದ್ದು ಮೇಜಿನ ಮುಂದೆ ಅಡಗಿಸಿಟ್ಟ ಕ್ಯಾಮೆರಾದಲ್ಲಿ.

ಆಮೇಲೆ ನಿಜವಾದ ಫೆಡರೇಷನ್ ಯಾವುದು ಅಂತ ಕೋರ್ಟುಗಳಲ್ಲಿ ಕುಸ್ತಿ. ಆ ಕುಸ್ತಿಯ ದಾಖಲೆ ಪೂರ್ತಿ ಇರುತ್ತದೆ. ಮೂರು ಪ್ರತಿಗಳಲ್ಲಿ.

ಇವರೆಲ್ಲ ಹಾಕಿ ನಮ್ಮ ರಾಷ್ಟ್ರೀಯ ಕ್ರೀಡೆ ಅನ್ನುತ್ತಾರೆ. 2012ರಲ್ಲಿ ಶಾಲೆಗೆ ಹೋಗುವ ಒಂದು ಹುಡುಗಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕೇಳಿದಳು. ಯಾವ ಆಟವನ್ನೂ ಹಾಗೆ ಘೋಷಿಸಿಲ್ಲ ಅಂತ ಕೇಂದ್ರ ಸರ್ಕಾರ ಉತ್ತರ ಕೊಟ್ಟಿತು. ಅಷ್ಟು ವರ್ಷ ಪಠ್ಯಪುಸ್ತಕ ಓದಿ ಪಾಸಾದ ನಾವೆಲ್ಲ ಆ ಮಗುವಿಗೆ ಋಣಿ. 2021ರಲ್ಲಿ ಖೇಲ್ ರತ್ನ ಪ್ರಶಸ್ತಿಗೆ ಧ್ಯಾನ್‌ಚಂದ್ ಹೆಸರಿಟ್ಟರು. ಘೋಷಣೆಗೆ ಒಂದು ಟ್ವೀಟು ಸಾಕಾಯಿತು. ಟೇಪು ಬೇಯಿಸುವುದಕ್ಕೆ ಒಲೆ ಬೇಕು, ಆಳು ಬೇಕು, ತಾಳ್ಮೆ ಬೇಕು, ಮತ್ತು ಅದರಲ್ಲಿ ಯಾರ ಫೋಟೊವೂ ಪತ್ರಿಕೆಯಲ್ಲಿ ಬರುವುದಿಲ್ಲ. 1925ರಲ್ಲಿ ಗ್ವಾಲಿಯರ್‌ನಲ್ಲಿ ಹುಟ್ಟಿದ ಫೆಡರೇಷನ್ನಿನ ಲೆಕ್ಕದಲ್ಲಿ 2025ಕ್ಕೆ ಭಾರತೀಯ ಹಾಕಿಗೆ ನೂರು ತುಂಬಿತು. ಹಬ್ಬ ಮಾಡಿದರು. ಕೇಕು, ಭಾಷಣ, ಶಾಲು. ನೂರು ವರ್ಷದ ಆಟ ತೋರಿಸಿ ಅಂದರೆ ಎಲ್ಲರಿಗೂ ಗಂಟಲು ಕಟ್ಟುತ್ತದೆ.

ಒಲಿಂಪಿಕ್ಸ್ ದೃಶ್ಯಗಳ ಒಡೆತನ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯದು. 1980ರ ಮಾಸ್ಕೋ ಫೈನಲ್‌ನಲ್ಲಿ ಸ್ಪೇನನ್ನು 4-3ರಿಂದ ಸೋಲಿಸಿದ ತಂಡದಲ್ಲಿ ಕೊಡಗಿನ ಎಂ.ಎಂ. ಸೋಮಯ್ಯ ಇದ್ದರು. ಆ ಆಟವನ್ನು ಇಟ್ಟುಕೊಂಡು ಇಲ್ಲೊಂದು ಸಾಕ್ಷ್ಯಚಿತ್ರ ಮಾಡಬೇಕಾದರೆ ಸ್ವಿಟ್ಜರ್ಲೆಂಡಿನ ಕಡೆ ಮುಖ ಮಾಡಬೇಕು. ಓಡಿದವರು ನಮ್ಮವರು. ಬೆವರು ನಮ್ಮದು. ಬಾಡಿಗೆ ಅವರಿಗೆ. ಅವರನ್ನು ಬೈಯುವುದಕ್ಕೂ ಬಾಯಿಲ್ಲ, ಏಕೆಂದರೆ ಅವರಾದರೂ ಇಟ್ಟುಕೊಂಡರು.

ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದರು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕುಟುಂಬದ ಹಬ್ಬಕ್ಕೆ 360 ಕುಟುಂಬಗಳ ತಂಡ ಬಂದು ಗಿನ್ನೆಸ್ ದಾಖಲೆಯಾಯಿತು. ಅಜ್ಜ ಮೊಮ್ಮಗ ಒಂದೇ ತಂಡ. ಅತ್ತೆ ಸೊಸೆ ಒಂದೇ ತಂಡ. ಈಗ ಪಂದ್ಯಗಳು ಯೂಟ್ಯೂಬಿನಲ್ಲಿ ನೇರ ಬರುತ್ತವೆ. ಒಂದು ಮನೆತನದವರು ಇನ್ನೊಂದು ಮನೆತನದ ಮೇಲೆ ಹೊಡೆದ ಪೆನಾಲ್ಟಿ ಕಾರ್ನರ್ ಮನೆಯಲ್ಲೇ ಕೂತು ನೋಡಬಹುದು. ವಿಶ್ವಕಪ್ ಗೆದ್ದ ಗೋವಿಂದ, 1973ರ ವಿಶ್ವಕಪ್ಪಿನಲ್ಲಿ ಭಾರತದ ನಾಯಕರಾಗಿದ್ದ ಎಂ.ಪಿ. ಗಣೇಶ್, ಇವರ ಆಟ ನೋಡುವ ಭಾಗ್ಯ ಅದೇ ಮೊಮ್ಮಕ್ಕಳಿಗಿಲ್ಲ. ದೇಶ ಮಾಡದ್ದನ್ನು ಊರಿನವರು ಒಂದು ಟ್ರೈಪಾಡ್ ಇಟ್ಟು ಮಾಡುತ್ತಿದ್ದಾರೆ. ಯೂಟ್ಯೂಬು ಯಾರಪ್ಪನ ಮನೆಯದೂ ಅಲ್ಲ, ಚಾನೆಲ್ ಮುಚ್ಚಿದ ದಿನ ಅದೂ ಹೋಗುತ್ತದೆ. ಅವರು ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಂಡಿದ್ದರೆ ಒಳ್ಳೆಯದು.

ನಿಮಗೂ ಒಂದು ಮಾತು. ಕೊಡಗಿನಲ್ಲೋ ಬೆಂಗಳೂರಿನಲ್ಲೋ ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ವಿ.ಎಚ್.ಎಸ್. ಕ್ಯಾಸೆಟ್ ಇರಬಹುದು. ಮಾವ ಆಡಿದ ಟೂರ್ನಮೆಂಟು, ಅಪ್ಪ ಟಿ.ವಿ.ಯಿಂದ ರೆಕಾರ್ಡ್ ಮಾಡಿಕೊಂಡ ಪಂದ್ಯ. ಗುಜರಿಗೆ ಹಾಕಬೇಡಿ. ಬೂಷ್ಟು ಹಿಡಿದಿದ್ದರೆ ಪ್ಲೇಯರಿಗೆ ತುರುಕಬೇಡಿ, ಟೇಪೂ ಹೋಗುತ್ತದೆ, ಪ್ಲೇಯರೂ ಹೋಗುತ್ತದೆ. ಬಲ್ಲವರ ಹತ್ತಿರ ಶುಚಿ ಮಾಡಿಸಿ, ಡಿಜಿಟಲ್ ಮಾಡಿಸಿ, ಎರಡು ಕಡೆ ಇಡಿ. ಯಾರು, ಎಲ್ಲಿ, ಯಾವ ವರ್ಷ ಅಂತ ಒಂದು ಚೀಟಿ ಬರೆದು ಜೊತೆಗಿಡಿ. ಯಾವುದಾದರೂ ಇಲಾಖೆಯವರು ಬಂದು ಮ್ಯೂಸಿಯಂ ಮಾಡುತ್ತೇವೆ, ಕೊಡಿ ಅಂದರೆ ನಕಲು ಕೊಡಿ. ಮೂಲ ಕೊಡಬೇಡಿ. ನಕಲು ಕೊಟ್ಟದ್ದಕ್ಕೂ ರಸೀದಿ ಬರೆಸಿಕೊಳ್ಳಿ.